ಸಹಾಯ ಬೇಕು: ಬಾಯ್ಲ್ ನಿಯಮದ ಪ್ರಯೋಗದಲ್ಲಿ ಒತ್ತಡ ಕಮ್ಮಿ ಬರ್ತಿದೆ

ನಮಸ್ಕಾರ ಎಲ್ರಿಗೂ, ಫಿಸಿಕ್ಸ್ ಟೀಚರ್ಸ್ ಯಾರಾದ್ರೂ ಇದ್ರೆ ದಯವಿಟ್ಟು ನೋಡಿ. ಫಸ್ಟ್ ಪಿಯುಸಿ ಮಕ್ಕಳು ಬಾಯ್ಲ್ ನಿಯಮನ (ತಾಪಮಾನ ಬದಲಾಗ್ದಿದ್ರೆ ಗಾಳಿಯ ಗಾತ್ರ ಅರ್ಧ ಆದಾಗ ಒತ್ತಡ ಡಬಲ್ ಆಗುತ್ತೆ ಅನ್ನೋದು) ಬರೀ ಬೋರ್ಡ್ ಮೇಲೆ ನೋಡೋದು ಬೇಡ, ಕೈಯಾರೆ ಮಾಡ್ಲಿ ಅಂತ 60 ಎಂಎಲ್ ಸಿರಿಂಜ್‌ಗೆ ಟ್ಯೂಬ್ ಹಾಕಿ ಪ್ರೆಶರ್ ಗೇಜ್ ಜೋಡಿಸಿದ್ದೀನಿ. ಗೇಜ್ ಸೊನ್ನೆ ತೋರಿಸಿದ್ರೂ ಒಳಗೆ ವಾತಾವರಣದ ಒತ್ತಡ ಇದ್ದೇ ಇರುತ್ತಲ್ಲ, ಅದನ್ನೂ ಸೇರಿಸ್ತಿದ್ದೀನಿ, ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರೋದ್ರಿಂದ 1.01 ಅಲ್ಲ, 0.91 ಬಾರ್ ತಗೊಂಡಿದ್ದೀನಿ (ಇದನ್ನ ತುಂಬಾ ಜನ ಮರೀತಾರೆ). ಆ ಲೆಕ್ಕದಲ್ಲಿ 30 ಎಂಎಲ್‌ಗೆ ಒತ್ತಿದಾಗ ಒತ್ತಡ ಡಬಲ್ ಆಗಿ ಗೇಜ್ 0.91 ತೋರಿಸ್ಬೇಕು, ಆದ್ರೆ 0.76 ಹತ್ರಾನೇ ನಿಲ್ತಿದೆ, ಇನ್ನೂ ಒತ್ತಿದಷ್ಟೂ ವ್ಯತ್ಯಾಸ ಜಾಸ್ತಿ ಆಗ್ತಿದೆ.

ಲೀಕ್ ಇಲ್ಲ, ಕೈ ಬಿಟ್ರೆ ಪಿಸ್ಟನ್ ವಾಪಸ್ 60ಕ್ಕೇ ಬರುತ್ತೆ. ಬೇಗ ಒತ್ತಿದ್ರೆ ಗಾಳಿ ಬಿಸಿಯಾಗುತ್ತೆ ಅಂತ ಸ್ವಲ್ಪ ಹೊತ್ತು ಬಿಟ್ಟೇ ರೀಡಿಂಗ್ ತಗೊಳ್ತೀವಿ. ನನ್ನ ಅನುಮಾನ ಇರೋದು ಟ್ಯೂಬ್, ಗೇಜ್ ಒಳಗಿನ ಗಾಳಿ ಮೇಲೆ, ಅದು ಸಿರಿಂಜ್ ಗೆರೇಲಿ ಕಾಣಲ್ಲ ಆದ್ರೆ ಅದೂ ಕುಗ್ಗುತ್ತೆ. 6 ಎಂಎಲ್ ಇದೆ ಅಂದ್ಕೊಂಡ್ರೆ ಒಟ್ಟು ಗಾಳಿ 66ರಿಂದ 36 ಎಂಎಲ್‌ಗೆ ಕುಗ್ಗುತ್ತೆ, ಆಗ ಒತ್ತಡ ಡಬಲ್ ಆಗಲ್ಲ, ಗೇಜ್ 0.76 ತೋರಿಸೋ ಲೆಕ್ಕ ಕೂಡುತ್ತೆ.

ಆದ್ರೆ ಈ 6 ಊಹೆ ಆಗ್ಬಾರ್ದು, ಮಕ್ಕಳೇ ಗ್ರಾಫ್‌ನಿಂದ ಕಂಡುಹಿಡೀಬೇಕು ಅನ್ನೋದು ನನ್ನಾಸೆ. ಗಾತ್ರನ ವೈ ಅಕ್ಷದಲ್ಲಿ, ಒಟ್ಟು ಒತ್ತಡದ ವಿಲೋಮನ (1/ಒತ್ತಡ) ಎಕ್ಸ್ ಅಕ್ಷದಲ್ಲಿ ಇಟ್ಟು ಗೆರೆ ಹಿಂದಕ್ಕೆ ಎಳೆದ್ರೆ ವೈ ಅಕ್ಷನ ಸೊನ್ನೆ ಕೆಳಗೆ ಎಲ್ಲಿ ಕತ್ತರಿಸುತ್ತೋ ಅದೇ ಆ ಗಾತ್ರ ಅಲ್ವಾ? ಮಾಡಿರೋರು ಎಷ್ಟು ರೀಡಿಂಗ್ ಬೇಕು, ಟ್ಯೂಬ್ ಎಷ್ಟು ಗಿಡ್ಡ ಇರ್ಬೇಕು ಹೇಳಿ ಪ್ಲೀಸ್, ಮಕ್ಕಳು ಕಾಯ್ತಿದಾರೆ.