ಮೂರು ತಿಂಗಳ ಕೂಸಿಗೆ ಎದೆಯ ಕ್ಯಾರಿಯರ್: ಉಸಿರು, ಕಾಲು ಮತ್ತು ಹೊತ್ತವರ ನಡುನೋವಿನ ಬಗ್ಗೆ ಸಂದೇಹಗಳು

ಪ್ರಶ್ನೆ: ಹೊಸ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಮೂರು ತಿಂಗಳು ತುಂಬಿದೆ, ತೂಕ 5.4 ಕೆಜಿ. ದಿನ ತುಂಬಿಯೇ ಹುಟ್ಟಿದ್ದಾಳೆ. ಹೆರಿಗೆ ಸಿಸೇರಿಯನ್ ಆಗಿತ್ತು. ಗದುಗಿನ ತವರುಮನೆಯಲ್ಲಿ ಬಾಣಂತನ ಮುಗಿಸಿಕೊಂಡು ಈಚೆಗಷ್ಟೇ ಹುಬ್ಬಳ್ಳಿಗೆ ಬಂದಿದ್ದೇನೆ. ಹಗಲು ಹೊತ್ತು ಮನೆಯಲ್ಲಿ ನಾನು ಮತ್ತು ಅತ್ತೆಯವರು ಇಬ್ಬರೇ. ಅವರಿಗೆ ಮೊಣಕಾಲು ನೋವಿರುವುದರಿಂದ ಕೂಸನ್ನು ಎತ್ತಿಕೊಂಡು ಹೆಚ್ಚು ಹೊತ್ತು ತಿರುಗಾಡಲು ಆಗುವುದಿಲ್ಲ. ಕೂಸೋ, ಕೆಳಗೆ ಮಲಗಿಸಿದ ಕೂಡಲೇ ಅಳಲು ಶುರುಮಾಡುತ್ತದೆ. ಪುಣೆಯಲ್ಲಿರುವ ನನ್ನ ಅಕ್ಕ ತನ್ನ ಮಗನಿಗೆ ಬಳಸಿದ ಕ್ಯಾರಿಯರ್ ಒಂದನ್ನು ಕಳುಹಿಸಿದ್ದಾಳೆ. ಸೊಂಟಕ್ಕೆ ಅಗಲವಾದ ಬೆಲ್ಟು, ಎರಡು ಹೆಗಲಿಗೂ ಪಟ್ಟಿಗಳು ಇವೆ. ಕೂಸಿನ ಮುಖ ನಮ್ಮ ಕಡೆಗಾದರೂ ಇರಬಹುದು, ಹೊರಗಡೆಗಾದರೂ ಇರಬಹುದು. ಅದರಲ್ಲಿ ಕೂರಿಸಿದರೆ ಮಗಳು ಸುಮ್ಮನಾಗುತ್ತಾಳೆ ನಿಜ, ಆದರೆ ಸ್ವಲ್ಪ ಹೊತ್ತಿಗೆಲ್ಲ ಕೆಳಗೆ ಜಾರಿ, ಗದ್ದ ಅವಳ ಎದೆಗೇ ತಾಗುವಂತೆ ಮುದುಡಿಕೊಳ್ಳುತ್ತಾಳೆ. ನನಗೂ ನಡು ಹಿಡಿದುಕೊಳ್ಳುತ್ತದೆ.

ಅತ್ತೆಯವರ ಆಕ್ಷೇಪಣೆ ಬೇರೆಯೇ ಇದೆ. ಇಷ್ಟು ಎಳೆಯ ಕೂಸಿನ ಕಾಲುಗಳನ್ನು ಅಗಲಿಸಿ ಕಟ್ಟಿದರೆ ಅವು ಸೊಟ್ಟಗಾಗುತ್ತವೆ, ಎಣ್ಣೆ ಹಚ್ಚಿ ಎರೆದ ಮೇಲೆ ಕಾಲುಗಳನ್ನು ನೆಟ್ಟಗೆ ಎಳೆದು ಬಿಗಿಯಾಗಿ ಬಟ್ಟೆ ಸುತ್ತಿ ಮಲಗಿಸುವುದೇ ಸರಿಯಾದ ಪದ್ಧತಿ ಎಂದು ಅವರು ಹೇಳುತ್ತಾರೆ. ಉಸಿರಾಟಕ್ಕೆ ತೊಂದರೆಯಾಗದಂತೆ ಕೂಸನ್ನು ಕಟ್ಟಿಕೊಳ್ಳುವ ಬಗೆ ಯಾವುದು, ಕಾಲಿನ ಬಗ್ಗೆ ಅತ್ತೆಯವರು ಹೇಳುವುದರಲ್ಲಿ ಎಷ್ಟು ನಿಜವಿದೆ, ಕಟ್ಟಿಕೊಂಡೇ ರೊಟ್ಟಿ ಬಡಿಯಬಹುದೇ, ಕ್ಯಾರಿಯರ್ ಬದಲು ಮೆತ್ತಗಿನ ಹಳೆಯ ಇಳಕಲ್ ಸೀರೆಯನ್ನು ಬಳಸಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಕ್ಕಳ ವಿಭಾಗದ ನಿವೃತ್ತ ಶುಶ್ರೂಷಕಿ, ಧಾರವಾಡ

ನೀವು ಬರೆದಿರುವ ಎಲ್ಲದರಲ್ಲಿ ಇಂದೇ ಸರಿಪಡಿಸಬೇಕಾದದ್ದು ಗದ್ದ ಎದೆಗೆ ತಾಗುತ್ತಿರುವ ಸಂಗತಿ. ಉಳಿದವುಗಳಿಗೆ ನಿಧಾನವಾಗಿ ಪರಿಹಾರ ಹುಡುಕಬಹುದು.

ಈ ವಯಸ್ಸಿನ ಕೂಸಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆಯ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ, ಶ್ವಾಸನಾಳವಂತೂ ಕಿರಿದಾಗಿಯೂ ಮೆತ್ತಗಾಗಿಯೂ ಇರುತ್ತದೆ. ಆದ್ದರಿಂದ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿಕೊಂಡರೆ ಗಾಳಿಯ ದಾರಿ ಮಡಚಿಕೊಳ್ಳುತ್ತದೆ, ಮತ್ತು ಅಷ್ಟು ಎಳೆಯ ಕೂಸು ತಾನಾಗಿ ತಲೆಯೆತ್ತಿ ಅದನ್ನು ಬಿಡಿಸಿಕೊಳ್ಳಲಾರದು. ಇದರಲ್ಲಿ ಭಯಪಡಬೇಕಾದದ್ದು ಏನೆಂದರೆ, ಹೀಗೆ ಉಸಿರುಗಟ್ಟುವಾಗ ಕೂಸು ಅಳುವುದಿಲ್ಲ. ನಿದ್ದೆ ಹೋಗಿದೆ ಎಂದೇ ನಮಗೆ ತೋರುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2010ರ ಮಾರ್ಚ್‌ನಲ್ಲಿ ಜೋಲಿಯಂಥ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ, ಹಿಂದಿನ 20 ವರ್ಷಗಳಲ್ಲಿ ಅವುಗಳಿಗೆ ಸಂಬಂಧಿಸಿದ ಕನಿಷ್ಠ 14 ಸಾವುಗಳು ಗಮನಕ್ಕೆ ಬಂದಿರುವುದಾಗಿಯೂ, ಅವುಗಳಲ್ಲಿ 12 ಕೂಸುಗಳು 4 ತಿಂಗಳಿಗಿಂತ ಚಿಕ್ಕವೆಂದೂ ತಿಳಿಸಿತ್ತು. ನಿಮ್ಮ ಮಗಳು ಅದೇ ವಯಸ್ಸಿನವಳಾದ್ದರಿಂದ ಇದನ್ನು ಹೇಳುತ್ತಿದ್ದೇನೆಯೇ ಹೊರತು ಹೆದರಿಸಲು ಅಲ್ಲ. ನೆಟ್ಟಗೆ, ಎತ್ತರದಲ್ಲಿ, ಮೈಗೆ ಒತ್ತಿ ಕಟ್ಟಿಕೊಂಡ ಕೂಸಿಗೆ ಈ ಅಪಾಯ ಬಹಳ ಕಡಿಮೆ.

ಬ್ರಿಟನ್ನಿನ ಸ್ಲಿಂಗ್ ತಯಾರಕರು ಮತ್ತು ಮಾರಾಟಗಾರರು ಸೇರಿ ರೂಪಿಸಿದ ‘ಟಿಕ್ಸ್’ ಎಂಬ ನಿಯಮ ಈಗ ಬಹಳ ಕಡೆ ಬಳಕೆಯಲ್ಲಿದೆ. ಬಟ್ಟೆ ಸಡಿಲವಿರದೆ ಕೂಸು ನಮ್ಮ ಮೈಗೆ ಬಿಗಿಯಾಗಿ ಒತ್ತಿಕೊಂಡಿರಬೇಕು, ಬಗ್ಗಿ ನೋಡಿದೊಡನೆ ಅದರ ಮುಖ ಪೂರ್ತಿ ಕಾಣಬೇಕು, ಕತ್ತನ್ನು ತುಸು ಬಾಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು, ಗದ್ದಕ್ಕೂ ಎದೆಗೂ ನಡುವೆ ಕನಿಷ್ಠ ಒಂದು ಬೆರಳು ಹೋಗುವಷ್ಟು ಜಾಗವಿರಬೇಕು, ಬೆನ್ನು ಕುಸಿಯದಂತೆ ಆಧಾರ ಸಿಗಬೇಕು. ಇವುಗಳಲ್ಲಿ ಎತ್ತರ ಮತ್ತು ಬಿಗಿ ಎರಡನ್ನು ಸಾಧಿಸಿದರೆ ಉಳಿದವು ಬಹುಮಟ್ಟಿಗೆ ತಾವಾಗಿಯೇ ಒದಗುತ್ತವೆ ಎಂಬುದು ನನ್ನ ಅಭಿಪ್ರಾಯ. ಬಿಗಿ ಎಂದರೆ ಕೂಸು ಉಸಿರೆಳೆಯಲು ಕಷ್ಟವಾಗುವಷ್ಟಲ್ಲ. ನೀವು ಒಂದು ಕೈಯನ್ನು ಅದರ ತಲೆಗೆ ಆನಿಸಿ ಮುಂದಕ್ಕೆ ಬಾಗಿದರೂ ಅದರ ಮೈ ನಿಮ್ಮ ಎದೆಯಿಂದ ದೂರ ಸರಿಯಬಾರದು, ಅಷ್ಟೇ. ಕೂಸು ನಿದ್ದೆ ಹೋದಾಗ ಮುಖವನ್ನು ಸೆರಗಿನಿಂದ ಮುಚ್ಚಬೇಡಿ. ಮೂಗಿನ ಹೊಳ್ಳೆಗಳು ಅರಳುವಂತೆ ಉಸಿರಾಡುವುದು, ಉಸಿರಿನೊಂದಿಗೆ ನರಳಿಕೆಯ ಸದ್ದು ಬರುವುದು, ತುಟಿ ನೀಲಿಯಾಗುವುದು ಕಂಡರೆ ಕೂಡಲೇ ಹೊರತೆಗೆದು ವೈದ್ಯರ ಬಳಿಗೆ ಒಯ್ಯಬೇಕು. ಕ್ಯಾರಿಯರ್‌ನಲ್ಲಿಯೇ ಹಾಲು ಕುಡಿಸಲು ಕೆಲವರು ಕೂಸನ್ನು ಕೆಳಗಿಳಿಸುತ್ತಾರೆ. ಕುಡಿದು ಮುಗಿದ ಮೇಲೆ ಮತ್ತೆ ಮೇಲಕ್ಕೆ ತರುವುದನ್ನು ಮರೆತರೆ ಮೊದಲು ಹೇಳಿದ ಅಪಾಯವೇ ಎದುರಾಗುತ್ತದೆ. ಬಿಚ್ಚಿ, ಕುಳಿತು ಕುಡಿಸುವುದು ಮೇಲು.

ಇನ್ನು ಕಾಲಿನ ಮಾತು. ಅತ್ತೆಯವರ ಕಾಳಜಿ ದೊಡ್ಡದು, ಆದರೆ ವೈದ್ಯವಿಜ್ಞಾನ ಹೇಳುವುದು ಅದಕ್ಕೆ ತೀರ ವಿರುದ್ಧವಾಗಿದೆ. ತೊಡೆಯೆಲುಬಿನ ಗುಂಡನೆಯ ತುದಿ ಕೂರುವ ಸೊಂಟದ ಕುಳಿ ಮೊದಲ ತಿಂಗಳುಗಳಲ್ಲಿ ಬಹುಪಾಲು ಮೆದು ಎಲುಬಿನಿಂದಲೇ ಕೂಡಿರುತ್ತದೆ. ಕಾಲುಗಳನ್ನು ನೆಟ್ಟಗೆ ಎಳೆದು ಜೋಡಿಸಿ ಬಿಗಿದರೆ ಆ ತುದಿ ಕುಳಿಯ ಅಂಚಿಗೆ ಒತ್ತಿ ಕೀಲು ಜಾರುವ ಸಾಧ್ಯತೆ ಹೆಚ್ಚುತ್ತದೆ. ಮೊಣಕಾಲುಗಳು ಕುಂಡಿಗಿಂತ ತುಸು ಮೇಲಿದ್ದು ತೊಡೆಗಳು ಎರಡು ಕಡೆಗೂ ಅಗಲವಾಗಿದ್ದರೆ ತುದಿ ಕುಳಿಯ ನಡುವೆ ಸರಿಯಾಗಿ ಕೂರುತ್ತದೆ. ಕುತ್ತಿಗೆ ನಿಂತ ಮಕ್ಕಳನ್ನು ನಮ್ಮ ಅಜ್ಜಿಯಂದಿರು ಬಗಲಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದಾಗ ಆ ಮಕ್ಕಳ ಕಾಲುಗಳು ಇರುತ್ತಿದ್ದದ್ದೂ ಹೀಗೆಯೇ ಎಂದು ಅತ್ತೆಯವರಿಗೆ ನೆನಪಿಸಿ ನೋಡಿ, ಅವರು ಒಪ್ಪಿಯಾರು. ಎಳೆಯ ಮಕ್ಕಳ ಕಾಲು ತುಸು ಬಾಗಿದಂತೆ ಕಾಣುವುದು ಸಹಜ. ನಡೆಯಲು ಕಲಿತು ಎರಡು ವರ್ಷ ತುಂಬುವ ಹೊತ್ತಿಗೆ ಅದು ಸಾಮಾನ್ಯವಾಗಿ ನೇರವಾಗುತ್ತದೆ. ಕ್ಯಾರಿಯರ್‌ನ ಕೂರುವ ಭಾಗ ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿನವರೆಗೆ ಆಧಾರ ಕೊಡುವಷ್ಟು ಅಗಲವಿರಬೇಕು, ಕಾಲುಗಳು ನೇರವಾಗಿ ಕೆಳಗೆ ಜೋತಾಡಬಾರದು. ಹೊರಮುಖವಾಗಿ ಕೂರಿಸುವುದನ್ನು ಸದ್ಯಕ್ಕೆ ಬಿಡಿ. ಅಂತರರಾಷ್ಟ್ರೀಯ ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಬೆಳೆಯದ ತೊಂದರೆ) ಸಂಸ್ಥೆಯು ಮೊದಲ 6 ತಿಂಗಳು ಕೂಸಿನ ಮುಖ ಹೊತ್ತವರ ಕಡೆಗೇ ಇರಲಿ ಎಂದು ಸಲಹೆ ಮಾಡುತ್ತದೆ, ಕುತ್ತಿಗೆಗೂ ಅದೇ ಒಳ್ಳೆಯದು. ಹೊಟ್ಟೆಯಲ್ಲಿ ಕೂಸಿನ ತಲೆ ಮೇಲಿದ್ದು ಕುಂಡಿ ಅಥವಾ ಕಾಲು ಕೆಳಗಿದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ಸೊಂಟದ ಕೀಲಿನ ತೊಂದರೆ ಇದ್ದರೆ, ವೈದ್ಯರಿಂದ ಒಮ್ಮೆ ಕೀಲು ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಉತ್ತರ: ಇಬ್ಬರು ಮಕ್ಕಳ ತಂದೆ, ರಾಣೆಬೆನ್ನೂರು

ಮೇಲಿನ ಅಕ್ಕನವರು ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ನಾನು ಹೊತ್ತವರ ನಡುನೋವಿನ ಬಗ್ಗೆ ಮತ್ತು ಸೀರೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಕೂಸು ಜಾರುವುದಕ್ಕೂ ನಿಮ್ಮ ನಡು ಹಿಡಿಯುವುದಕ್ಕೂ ಕಾರಣ ಒಂದೇ ಇರಬೇಕು ಎಂದು ತೋರುತ್ತದೆ. ಬೆಲ್ಟನ್ನು ಪ್ಯಾಂಟಿನ ಬೆಲ್ಟಿನಂತೆ ಕೆಳಗೆ ಕಟ್ಟಿದರೆ ಚಿಕ್ಕ ಕೂಸು ಹೊಟ್ಟೆಯ ಮಟ್ಟದಲ್ಲಿಯೇ ಉಳಿಯುತ್ತದೆ, ಅದರ ಭಾರ ಮೈಯಿಂದ ದೂರ ನಿಂತು ಹೆಗಲನ್ನು ಮುಂದಕ್ಕೆ ಎಳೆಯುತ್ತದೆ, ನೀವು ಅದನ್ನು ಸರಿದೂಗಿಸಲು ನಡುವನ್ನು ಹಿಂದಕ್ಕೆ ಬಾಗಿಸುತ್ತೀರಿ. ಬೆಲ್ಟನ್ನು ಹೊಕ್ಕಳಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಕ್ಕೆ, ಹಿಂದೆ ಮುಂದೆ ಸಮನಾಗಿ ಬರುವಂತೆ ಬಿಗಿಯಾಗಿ ಕಟ್ಟಿ ನೋಡಿ. ಸಿಸೇರಿಯನ್ ಗಾಯದ ಮೇಲೆ ಅದು ಒತ್ತುವುದೂ ಇದರಿಂದ ತಪ್ಪುತ್ತದೆ. ಬೆನ್ನ ಹಿಂದಿನ ಅಡ್ಡ ಪಟ್ಟಿ ಕುತ್ತಿಗೆಯ ಹತ್ತಿರ ಏರದೆ ಎರಡು ಹೆಗಲೆಲುಬುಗಳ ನಡುವೆ ನಿಲ್ಲಬೇಕು. ಕೊನೆಗೆ ಒಂದು ಕೈಯಿಂದ ಕೂಸಿನ ಕುಂಡಿಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಬದಿಯ ಪಟ್ಟಿಗಳನ್ನು ಸರದಿಯಂತೆ ಎಳೆದರೆ ಉಳಿದ ಸಡಿಲವೂ ಹೋಗುತ್ತದೆ. ಇಷ್ಟಾದ ಮೇಲೂ ನೋವು ಉಳಿದರೆ ಕಡಿಮೆ ಹೊತ್ತು ಹೊರಿ. ಹೆರಿಗೆಯಾದ ಹೊಸತರಲ್ಲಿ ಹೊಟ್ಟೆಯ ಸ್ನಾಯುಗಳು ಇನ್ನೂ ಸೋತಿರುತ್ತವೆ. ಬೇರೆಯವರು ಬಳಸಿದ ಕ್ಯಾರಿಯರ್ ಆದ್ದರಿಂದ ಹೊಲಿಗೆ ಬಿಟ್ಟಿದೆಯೇ, ಬಕಲ್ಲುಗಳಲ್ಲಿ ಬಿರುಕು ಇದೆಯೇ ಎಂದು ಬೆಳಕಿನಲ್ಲಿ ನೋಡಿಕೊಳ್ಳಿ. ಬಕಲ್ ಹಾಕುವಾಗ ‘ಟಕ್’ ಎಂಬ ಸದ್ದು ಕೇಳಿದ ಮೇಲೂ ಒಮ್ಮೆ ಜಗ್ಗಿ ನೋಡಬೇಕು.

ರೊಟ್ಟಿ ಬಡಿಯುವುದು ಖಂಡಿತ ಬೇಡ. ರೊಟ್ಟಿ ಬಡಿಯಲು ಮುಂದಕ್ಕೆ ಬಾಗಲೇಬೇಕು, ಬಾಗಿದಾಗ ಹಂಚಿಗೂ ಉರಿಗೂ ಎಲ್ಲರಿಗಿಂತ ಹತ್ತಿರವಾಗುವುದು ಕೂಸಿನ ಬೆನ್ನು. ನೆಲದ ಮೇಲೆ ಕುಳಿತು ಬಡಿಯುವವರಾದರೆ ತೊಡೆಗೂ ಎದೆಗೂ ನಡುವೆ ಕೂಸು ಮುದುಡಿಕೊಳ್ಳುತ್ತದೆ. ಬಿಸಿ ಚಹಾದ ಲೋಟವನ್ನು ಹಿಡಿದು ನಡೆಯುವುದೂ ಬೇಡ. ಬಟ್ಟೆ ಮಡಚುವುದು, ಅಂಗಳದ ಗಿಡಗಳಿಗೆ ನೀರು ಹಾಕುವುದು, ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ತಿರುಗಾಡುವುದು ಇವೆಲ್ಲ ಆಗಬಹುದು. ಕೆಳಗಿನಿಂದ ಏನನ್ನಾದರೂ ಎತ್ತಿಕೊಳ್ಳಬೇಕಾದರೆ ನಡು ಬಾಗಿಸದೆ ಮೊಣಕಾಲು ಮಡಚಿ, ಒಂದು ಕೈಯನ್ನು ಕೂಸಿನ ತಲೆಯ ಹಿಂದೆ ಇಟ್ಟುಕೊಂಡು ಕೆಳಗಿಳಿಯಬೇಕು.

ಸೀರೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಇದ್ದೇನೆ. ಇಳಕಲ್ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿಗಳಂತೆ ಒಂದರೊಳಗೊಂದು ಎಳೆ ಸಿಕ್ಕಿಸಿ ಜೋಡಿಸಿರುತ್ತಾರೆ. ನೋಡಲು ಬಹಳ ಚೆಂದ, ಆದರೆ ಆ ಜೋಡಣೆ ಇರುವುದು ಉಡುವುದಕ್ಕೆ, ಭಾರ ಹೊರುವುದಕ್ಕಲ್ಲ. ರೇಷ್ಮೆಯ ಸೆರಗಿನ ಗಂಟು ಜಾರುವುದೂ ಉಂಟು. ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆ ಅಲ್ಲಲ್ಲಿ ತೆಳುವಾಗಿರುತ್ತದೆ, ಅದು ಹರಿಯುವವರೆಗೂ ನಮಗೆ ಗೊತ್ತಾಗುವುದಿಲ್ಲ. ಬಟ್ಟೆಯೇ ಬೇಕೆಂದಿದ್ದರೆ ದಪ್ಪ ಕೈಮಗ್ಗದ ಹತ್ತಿಯ, ಜೋಡಣೆಯಿಲ್ಲದ ಉದ್ದನೆಯ ಬಟ್ಟೆಯನ್ನು ತೆಗೆದುಕೊಂಡು, ಕಟ್ಟುವುದನ್ನು ಬಲ್ಲವರಿಂದ ಎದುರಿಗೇ ನೋಡಿ ಕಲಿತು, ಎರಡು ಗಂಟು ಹಾಕಿ ಬಳಸಿ. ಮನೆಯಲ್ಲಿ ಕ್ಯಾರಿಯರ್ ಇದ್ದೇ ಇರುವಾಗ ಆ ಕಷ್ಟ ಏಕೆ?

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೆಲ್ಟನ್ನು ಮೇಲಕ್ಕೆ ಕಟ್ಟಿದ ಮೇಲೆ ಕೂಸಿನ ತಲೆ ನನ್ನ ಗದ್ದದ ಕೆಳಗೇ ಬಂತು, ನಡುವಿಗೂ ಹಗುರವೆನಿಸಿತು. ಬಗಲಲ್ಲಿ ಕೂರಿಸಿಕೊಳ್ಳುವ ಮಾತನ್ನು ಅತ್ತೆಯವರಿಗೆ ಹೇಳಿದೆ. ‘ಅದು ಖರೇನ’ ಎಂದರು, ಆದರೆ ಕುಂಚಿಗೆ ಕಟ್ಟದೆ ಹೊರಗೆ ಒಯ್ಯಬಾರದೆಂದು ಹಟ ಹಿಡಿದಿದ್ದಾರೆ. ಬರುವ ವಾರ 14 ವಾರದ ಲಸಿಕೆಗಾಗಿ ಧಾರವಾಡದ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕಾಗಿದೆ. ಯಜಮಾನರು ಸ್ಕೂಟರ್ ಓಡಿಸಿದರೆ, ಕೂಸನ್ನು ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು ನಾನು ಹಿಂದೆ ಕೂರಬಹುದಲ್ಲವೇ?

ಉತ್ತರ: ಶಾಲಾ ಶಿಕ್ಷಕಿ, ಗದಗ

ತಂಗೀ, ಸ್ಕೂಟರ್ ಬೇಡ. ಕ್ಯಾರಿಯರ್ ನಡೆಯುವವರಿಗಾಗಿ ಮಾಡಿದ ಸಾಧನ, ಅಪಘಾತದ ಪೆಟ್ಟನ್ನು ತಡೆಯುವ ಗುಣ ಅದಕ್ಕಿಲ್ಲ. ಗಾಡಿ ಬಿದ್ದರೆ ಅಥವಾ ಗಕ್ಕನೆ ನಿಂತರೆ ಕೂಸು ಇಬ್ಬರು ದೊಡ್ಡವರ ನಡುವೆ ಸಿಕ್ಕಿಕೊಳ್ಳುತ್ತದೆ. ಕೇಂದ್ರ ಸರ್ಕಾರವು 2022ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಮೋಟಾರು ವಾಹನ ನಿಯಮದಂತೆ, 4 ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಚಾಲಕರಿಗೆ ಜೋಡಿಸುವ ಸುರಕ್ಷತಾ ಪಟ್ಟಿ ಇರಬೇಕು, 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಅಳತೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಮೂರು ತಿಂಗಳ ಕೂಸಿನ ಕುತ್ತಿಗೆ ಹೆಲ್ಮೆಟ್ಟಿನ ಭಾರವನ್ನೇ ತಾಳದು ಎಂದ ಮೇಲೆ ಸ್ಕೂಟರ್‌ನಲ್ಲಿ ಅದನ್ನು ಕಾಪಾಡುವ ದಾರಿ ಉಳಿಯುವುದಿಲ್ಲ. ಕಾರಿನಲ್ಲಿಯೂ ಕ್ಯಾರಿಯರ್ ಮಗುವಿನ ಸೀಟಿಗೆ ಬದಲಿಯಾಗಲಾರದು.

ಚಿಗರಿ ಬಸ್ಸು ಇರುವಾಗ ಹುಬ್ಬಳ್ಳಿ-ಧಾರವಾಡದ ನಡುವೆ ಸ್ಕೂಟರ್ ಏರುವ ಅಗತ್ಯವೂ ಇಲ್ಲ. ನಿಲ್ದಾಣದ ಕಟ್ಟೆ ಬಸ್ಸಿನ ಬಾಗಿಲಿನ ಮಟ್ಟದಲ್ಲಿಯೇ ಇರುವುದರಿಂದ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಎರಡು ಕೈಗಳೂ ಕಂಬ ಹಿಡಿಯಲು ಖಾಲಿ ಇರುತ್ತವೆ. ಆಸನ ಕೇಳಿ ಪಡೆದು ಕುಳಿತುಕೊಳ್ಳಿ, ಕುಳಿತ ಮೇಲೆ ಕೂಸಿನ ಗದ್ದವನ್ನು ಮತ್ತೊಮ್ಮೆ ನೋಡಿ, ಏಕೆಂದರೆ ನಾವು ಕುಳಿತಾಗ ಪಟ್ಟಿಗಳು ಸಡಿಲವಾಗುತ್ತವೆ.

ಕುಂಚಿಗೆಯನ್ನು ಈ ಸಲ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಅತ್ತೆಯವರಿಗೂ ಸಮಾಧಾನವಾಗುತ್ತದೆ. ಕ್ಯಾರಿಯರ್‌ನ ಬಟ್ಟೆಯೇ ಒಂದು ಪದರದಷ್ಟು ಬೆಚ್ಚಗೆ, ಅದರ ಜೊತೆ ನಿಮ್ಮ ಮೈಯ ಕಾವೂ ಸೇರುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಂತೂ ತೆಳುವಾದ ಒಂದು ಹತ್ತಿ ಅಂಗಿ ಸಾಕು. ಕುಂಚಿಗೆಯ ಟೊಪ್ಪಿಗೆ ಮುಂದಕ್ಕೆ ಜಾರಿ ಮೂಗು ಮುಚ್ಚುವ ಅಪಾಯವೂ ಇದೆ. ಕೂಸಿಗೆ ಸೆಕೆಯಾಗಿದೆಯೇ ಎಂದು ತಿಳಿಯಲು ಕೈಕಾಲು ಮುಟ್ಟಿದರೆ ಪ್ರಯೋಜನವಿಲ್ಲ, ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಹೊರತೆಗೆದು ಗಾಳಿಯಾಡಲು ಬಿಡಿ, ಎದೆಹಾಲು ಕುಡಿಸಿ. ಆರು ತಿಂಗಳವರೆಗೆ ನೀರು ಕುಡಿಸುವಂತಿಲ್ಲ.

ಇನ್ನೊಂದು ಚಿಕ್ಕ ವಿಷಯ: 14 ವಾರದ ಚುಚ್ಚುಮದ್ದುಗಳಲ್ಲಿ ಹೆಚ್ಚಿನವನ್ನು ತೊಡೆಗೆ ಕೊಡುತ್ತಾರೆ. ವಾಪಸು ಬರುವಾಗ ಕ್ಯಾರಿಯರ್‌ನ ಅಂಚು ಆ ಜಾಗಕ್ಕೆ ಒತ್ತಿ ಕೂಸು ಅತ್ತರೆ, ಆ ದಿನದ ಮಟ್ಟಿಗೆ ಯಜಮಾನರು ತೋಳಿನಲ್ಲಿಯೇ ಎತ್ತಿಕೊಂಡು ಬರಲಿ.