ಫರ್ಗಾನಾ ಬಂಡಾಯದ ಸುದ್ದಿಯನ್ನು ಯಾರು ತಂದರು? 1918–22ರ ಗುಪ್ತ ವರದಿಗಳ ಕುರಿತು

ಪ್ರಶ್ನೆ: ಇತಿಹಾಸ ವಿದ್ಯಾರ್ಥಿನಿ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದು, ರಷ್ಯಾದ ಕ್ರಾಂತಿಯ ನಂತರ ಮಧ್ಯ ಏಷ್ಯಾದಲ್ಲಿ ನಡೆದ ಬಂಡಾಯಗಳ ಬಗ್ಗೆ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಇಂದಿನ ಉಜ್ಬೇಕಿಸ್ತಾನದ ತಾಷ್ಕೆಂಟಿನಲ್ಲಿ ಅಧಿಕಾರ ಹಿಡಿದ ಬೋಲ್ಶೆವಿಕರು (ರಷ್ಯಾದ ಕ್ರಾಂತಿಕಾರಿ ಕಮ್ಯುನಿಸ್ಟರು) 1918ರ ಫೆಬ್ರವರಿಯಲ್ಲಿ ಕೋಕಂದಿನ ಸ್ವಾಯತ್ತ ಸರ್ಕಾರವನ್ನು ರಕ್ತಪಾತದಿಂದ ಕೆಡವಿದ ಮೇಲೆ ಫರ್ಗಾನಾ ಕಣಿವೆಯಲ್ಲಿ ಬಸ್ಮಾಚಿ ಎಂದು ಕರೆಯಲಾದ ಸ್ಥಳೀಯ ಮುಸ್ಲಿಮರ ಬಂಡಾಯ ಹಬ್ಬಿತು ಎಂಬಷ್ಟು ತಿಳಿದಿದೆ. ಆದರೆ ಬಂಡಾಯಗಾರರ ಸಂಖ್ಯೆಯನ್ನು ಒಂದೊಂದು ಪುಸ್ತಕವೂ ಒಂದೊಂದು ರೀತಿ ಹೇಳುತ್ತದೆ. ಬ್ರಿಟಿಷ್ ಭಾರತದ ಅಧಿಕಾರಿಗಳಿಗೂ ತಾಷ್ಕೆಂಟಿನ ಹೊಸ ಸರ್ಕಾರಕ್ಕೂ ಅಲ್ಲಿನ ಸುದ್ದಿ ಯಾವ ದಾರಿಯಿಂದ ತಲುಪುತ್ತಿತ್ತು, ಅದರಲ್ಲಿ ಯಾವುದನ್ನು ನಂಬಬಹುದು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಶಿಕ್ಷಕಿ, ಶಿರಸಿ

ತಂಗಿ, ಸಂಖ್ಯೆಯಿಂದ ಹೊರಟರೆ ದಾರಿ ತಪ್ಪುತ್ತದೆ. ಆ ಸಂಖ್ಯೆಯನ್ನು ಹೊತ್ತು ತಂದವರು ಯಾರು, ತಂದುದರಿಂದ ಅವರಿಗೇನು ಸಿಕ್ಕಿತು ಎಂಬಲ್ಲಿಂದ ಹೊರಡು. ಶಿರಸಿಯ ಅಡಿಕೆ ಪೇಟೆಯಿಂದ ಮರಳಿದವರಲ್ಲಿ ರಾಶಿಯ ಧಾರಣೆ ಕೇಳಿದರೆ ಮಾರಿ ಬಂದವರು ಒಂದು ಹೇಳುತ್ತಾರೆ, ಕೊಳ್ಳಲು ಹೋದವರು ಇನ್ನೊಂದು ಹೇಳುತ್ತಾರೆ. ಇಬ್ಬರೂ ಸುಳ್ಳುಗಾರರಲ್ಲ, ಆದರೆ ಇಬ್ಬರಿಗೂ ಆ ಮಾತಿನಲ್ಲಿ ಲಾಭವಿದೆ. ಫರ್ಗಾನಾದ ಸುದ್ದಿಯೂ ಹೀಗೆಯೇ ಬಂದದ್ದು. ಶಸ್ತ್ರ ಮತ್ತು ಹಣ ಬೇಡಲು ಬಂದ ದೂತ ತನ್ನ ನಾಯಕನ ದಂಡನ್ನು ಹಿಗ್ಗಿಸದೆ ಹೇಳುವುದು ಕಷ್ಟ, ಸೋತ ಕಮಿಸ್ಸಾರನಿಗೂ (ಬೋಲ್ಶೆವಿಕ್ ಅಧಿಕಾರಿಗೂ) ಎದುರಾಳಿಯ ಬಲ ದೊಡ್ಡದಿತ್ತೆಂದು ಬರೆಯುವುದೇ ಅನುಕೂಲ.

ಬ್ರಿಟಿಷರಿಗೆ ಮುಖ್ಯವಾಗಿ ಎರಡು ಕಿಟಕಿಗಳಿದ್ದವು. ಪೂರ್ವದಲ್ಲಿ ಚೀನಾದ ಗಡಿನಗರ ಕಾಶ್ಗರದ ದೂತಾವಾಸವಿತ್ತು, ಪಶ್ಚಿಮದಲ್ಲಿ ಇರಾನಿನ ಮಶ್ಹದ್‌ನಲ್ಲಿ ಜನರಲ್ ಮ್ಯಾಲೆಸನ್ನನ ನೆಲೆಯಿತ್ತು. 1918ರ ಜುಲೈಯಲ್ಲಿ ಅಶ್ಗಾಬಾದಿನ ರೈಲು ನೌಕರರು ತಾಷ್ಕೆಂಟಿನ ವಿರುದ್ಧ ತಿರುಗಿಬಿದ್ದಾಗ ಮ್ಯಾಲೆಸನ್ ಅವರೊಂದಿಗೆ ಒಪ್ಪಂದ ಮಾಡಿಕೊಂಡು ಪಂಜಾಬಿ ಸೈನಿಕರನ್ನು ಕಳುಹಿಸಿದ. ಅದೇ ಆಗಸ್ಟ್‌ನಲ್ಲಿ ಕಾಶ್ಗರದಿಂದ ಹೊರಟ ಕರ್ನಲ್ ಎಫ್. ಎಂ. ಬೈಲಿ ತಾಷ್ಕೆಂಟಿಗೆ ಬಂದು ಬೋಲ್ಶೆವಿಕರ ಎದುರು ಅತಿಥಿಯಂತೆ ಕುಳಿತಿದ್ದ. ಒಂದು ಕಡೆ ಮಾತುಕತೆ, ಇನ್ನೊಂದು ಕಡೆ ಗುಂಡಿನ ಕಾಳಗ. ಅಕ್ಟೋಬರಿನಲ್ಲಿ ಅವನು ಆಸ್ಟ್ರಿಯಾದ ಯುದ್ಧಕೈದಿಯ ವೇಷ ತೊಟ್ಟು ಭೂಗತನಾದ. ಮುಂದೆ ಬೋಲ್ಶೆವಿಕರ ಪ್ರತಿಬೇಹುಗಾರಿಕೆ ವಿಭಾಗವೇ ಅವನನ್ನು ಬೇರೆ ಹೆಸರಿನಲ್ಲಿ ಕೆಲಸಕ್ಕೆ ಸೇರಿಸಿಕೊಂಡು ಬುಖಾರಾಕ್ಕೆ ಕಳುಹಿಸಿತು; ಅವನಿಗೆ ಒಪ್ಪಿಸಿದ ಕೆಲಸಗಳಲ್ಲಿ ಬೈಲಿ ಎಂಬ ಆಂಗ್ಲ ಅಧಿಕಾರಿಯನ್ನು ಹುಡುಕುವುದೂ ಒಂದಾಗಿತ್ತು. ಓದಲು ಸೊಗಸಾದ ಕಥೆ ಇದು. ಆದರೆ ನಿನ್ನ ಪ್ರಬಂಧಕ್ಕೆ ಮುಖ್ಯವಾದ ಸಂಗತಿ ಬೇರೆ. ಅವನು ಮಶ್ಹದ್ ತಲುಪಿದ್ದು 1920ರ ಜನವರಿಯಲ್ಲಿ. ಬಂಡಾಯದ ನಟ್ಟನಡುವೆ ಒಂದೂವರೆ ವರ್ಷ ಇದ್ದವನಿಗೆ ಕಂಡದ್ದನ್ನು ಹೊರಗೆ ದಾಟಿಸಲು ಭರವಸೆಯ ದಾರಿಯೇ ಇರಲಿಲ್ಲ. ವರದಿಯ ಮೇಲಿನ ದಿನಾಂಕಕ್ಕೂ ಅದು ಮೇಜಿಗೆ ಬಂದ ದಿನಾಂಕಕ್ಕೂ ಇರುವ ಅಂತರವನ್ನು ಮೊದಲು ಬರೆದಿಟ್ಟುಕೋ.

ಉತ್ತರ 2: ಅಂಕೋಲಾದ ಓದುಗ

ಅಕ್ಕೋರು ಹೇಳಿದ್ದನ್ನು ಒಪ್ಪುತ್ತಾ ಒಂದು ಮಾತು ಸೇರಿಸುತ್ತೇನೆ. ಬಾಯಿಮಾತಿನ ಸುದ್ದಿಗಿಂತ ವಸ್ತುಗಳು ಹೇಳುವ ಸುದ್ದಿ ಹೆಚ್ಚು ಗಟ್ಟಿ. ಒರೆನ್‌ಬರ್ಗಿನ ಬಳಿ ಬೋಲ್ಶೆವಿಕ್ ವಿರೋಧಿ ನಾಯಕ ದುತೋವನ ಕೊಸಾಕ್ ಸೈನಿಕರು ರೈಲು ಮಾರ್ಗವನ್ನು ತಡೆದದ್ದರಿಂದ 1919ರ ಸೆಪ್ಟೆಂಬರಿನವರೆಗೆ ತಾಷ್ಕೆಂಟ್ ಬಹುಪಾಲು ಮಾಸ್ಕೋದಿಂದ ಕಡಿದುಹೋಗಿತ್ತು. ಅಶ್ಗಾಬಾದ್ ಕೈತಪ್ಪಿದ್ದರಿಂದ ಬಾಕುವಿನ ತೈಲವೂ ಬರಲಿಲ್ಲ. ಆಗ ರೈಲಿನ ಎಂಜಿನ್ನುಗಳ ಒಲೆಗೆ ಹಾಕಿದ್ದು ಅರಲ್ ಸಮುದ್ರದ ಒಣಮೀನನ್ನು! ಮಳೆಗಾಲಕ್ಕೆಂದು ಒಣಮೀನನ್ನು ಜೋಪಾನವಾಗಿ ಕಟ್ಟಿಡುವ ನಮ್ಮ ಕರಾವಳಿಯವರಿಗೆ ಆ ಸ್ಥಿತಿಯ ಆಳ ಥಟ್ಟನೆ ಹೊಳೆಯುತ್ತದೆ. ಹಸಿದ ನಾಡಿನಲ್ಲಿ ತಿನ್ನುವ ಮೀನನ್ನು ಉರುವಲಾಗಿಸಿದ ಸರ್ಕಾರದ ಇಕ್ಕಟ್ಟನ್ನು ಅರಿಯಲು ಯಾವ ಗುಪ್ತಚರನ ಬಣ್ಣನೆಯೂ ಬೇಕಿಲ್ಲ. ನಿಲ್ದಾಣದಲ್ಲಿ ನಿಂತು ಮೂಗು ತೆರೆದಿಟ್ಟರೆ ಸಾಕಿತ್ತು.

ರೈಲು ನಿಂತದ್ದಕ್ಕೆ ಬಂಡಾಯದೊಂದಿಗೂ ನೇರ ಸಂಬಂಧವಿದೆ. ಫರ್ಗಾನಾದ ರೈತರು ಝಾರರ ಕಾಲದಿಂದ ಹತ್ತಿ ಬೆಳೆದು, ಉತ್ತರದಿಂದ ಬರುವ ಧಾನ್ಯವನ್ನು ನಂಬಿಕೊಂಡಿದ್ದರು. ಧಾನ್ಯ ನಿಂತಿತು, ಹತ್ತಿ ಕೊಳ್ಳುವವರೂ ಇಲ್ಲವಾದರು, ಮೇಲಿಂದ ಸರ್ಕಾರದ ವಶೀಕರಣ. ಕೋಕಂದಿನ ಹತ್ಯೆಯ ಸಿಟ್ಟಿನ ಜೊತೆ ಈ ಹಸಿವೂ ಜನರನ್ನು ದಂಗೆಯತ್ತ ದೂಡಿತು. ಧಾನ್ಯದ ಬೆಲೆಯ ದಾಖಲೆ ಸಿಕ್ಕಿದರೆ ಅದನ್ನು ತಲೆ ಎಣಿಕೆಯ ವರದಿಗಿಂತ ಮೇಲಿಡಿ.

ಉತ್ತರ 3: ಕುಮಟಾದಿಂದ

ಇಲ್ಲಿಯವರೆಗಿನ ಉತ್ತರಗಳು ಬ್ರಿಟಿಷರ ಕಿಟಕಿಯಿಂದಲೇ ಹೆಚ್ಚು ನೋಡಿವೆ ಎಂಬುದು ನನ್ನ ಆಕ್ಷೇಪ. ಹೊಸ ಸರ್ಕಾರದ ಗುಪ್ತ ಪೊಲೀಸ್ ಪಡೆ ಚೆಕಾ ಕೂಡ ಮೊದಮೊದಲು ಕುರುಡಾಗಿಯೇ ಇತ್ತು. ತಾಷ್ಕೆಂಟಿನ ಯುದ್ಧ ಕಮಿಸ್ಸಾರನೇ ಆಗಿದ್ದ ಓಸಿಪೋವ್ 1919ರ ಜನವರಿಯಲ್ಲಿ ದಂಗೆಯೆದ್ದು 14 ಕಮಿಸ್ಸಾರರನ್ನು ಕೊಲ್ಲಿಸಿದಾಗ, ಕಣಿವೆಯ ದಂಗೆಗಾರರತ್ತ ಕಣ್ಣಿಟ್ಟವರಿಗೆ ಪಕ್ಕದ ಕೋಣೆಯಲ್ಲಿದ್ದವನು ಕಂಡಿರಲಿಲ್ಲ. 1922ರ ಹೊತ್ತಿಗೆ ಚಿತ್ರ ಬದಲಾಗಿತ್ತು. ಬೋಲ್ಶೆವಿಕರ ಪರವಾಗಿ ಬುಖಾರಾಕ್ಕೆ ಬಂದು ಬಂಡಾಯಗಾರರ ಕಡೆ ಸೇರಿಕೊಂಡ ತುರ್ಕಿಯ ಮಾಜಿ ಯುದ್ಧಮಂತ್ರಿ ಎನ್ವರ್ ಪಾಶಾನ ಅಡಗುತಾಣವನ್ನು ವ್ಯಾಪಾರಿಯ ವೇಷದಲ್ಲಿ ಪತ್ತೆ ಹಚ್ಚಿದ್ದು ತಾನೇ ಎಂದು ಚೆಕಾದ ಅಗಾಬೆಕೋವ್ ಮುಂದೆ ಬರೆದುಕೊಂಡ. ಎನ್ವರ್ 1922ರ ಆಗಸ್ಟ್ 4ರಂದು ಕಾಳಗದಲ್ಲಿ ಸತ್ತದ್ದು ನಿಜ. ಆದರೆ ಅಗಾಬೆಕೋವ್ ಈ ಮಾತನ್ನು ಬರೆದದ್ದು 1930ರಲ್ಲಿ ಪಕ್ಷಾಂತರ ಮಾಡಿದ ಮೇಲೆ. ಅಕ್ಕೋರ ಅಳತೆಗೋಲನ್ನು ಇವನಿಗೂ ಹಿಡಿಯಬೇಕು.

ನನ್ನ ದೃಷ್ಟಿಯಲ್ಲಿ ದಂಗೆಯ ಬೇರನ್ನು ಸಡಿಲಿಸಿದ್ದು ವೇಷಧಾರಿಗಳಿಗಿಂತ ಹೆಚ್ಚಾಗಿ ಜನರ ಅಸಮಾಧಾನದ ಕಾರಣವನ್ನು ಸರಿಯಾಗಿ ಓದಿದ್ದು. ವಕ್ಫ್ ಜಮೀನುಗಳನ್ನು ಮರಳಿಸಿ, ಷರಿಯತ್ ನ್ಯಾಯಾಲಯಗಳಿಗೆ ಮತ್ತೆ ಅವಕಾಶ ಕೊಟ್ಟು, ತೆರಿಗೆಯ ಹೊರೆಯನ್ನು ಇಳಿಸಿದಾಗ ಅನೇಕರು ಊರಿಗೆ ಮರಳಿದರು.

ಪ್ರಶ್ನಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಅಕ್ಕೋರೇ, ಇನ್ನೊಂದು ಸಂದೇಹ ಉಳಿದಿದೆ. ‘ಬಸ್ಮಾಚಿ’ ಎಂಬ ಪದಕ್ಕೆ ದರೋಡೆಕೋರ ಎಂಬ ಅರ್ಥವಿರುವಾಗ ನಾನು ಅದನ್ನು ಪ್ರಬಂಧದಲ್ಲಿ ಬಳಸಬಹುದೇ?

ಉತ್ತರ 1 ಬರೆದವರು

ಬಳಸು, ಆದರೆ ಅದು ಎದುರಾಳಿಗಳು ಇಟ್ಟ ಹೆಸರೆಂದು ಮೊದಲ ಪುಟದಲ್ಲೇ ತಿಳಿಸು. ಬಂಡಾಯದ ಮುಖಂಡರನ್ನು ಕೂರ್ಬಾಶಿ ಎನ್ನುತ್ತಿದ್ದರು. ವರದಿ ಬರೆಯುವವನು ದರೋಡೆಕೋರ ಎಂದು ಒಮ್ಮೆ ಬರೆದನೆಂದರೆ, ಆ ಮನುಷ್ಯ ಯಾಕೆ ಕುದುರೆಯೇರಿದ ಎಂದು ಕೇಳುವ ಗೋಜಿಗೆ ಮೇಲಿನವರು ಹೋಗುವುದಿಲ್ಲ. ಮದಾಮಿನ್ ಬೇಗ್‌ನನ್ನೇ ನೋಡು. 1919ರಲ್ಲಿ ಅವನು ಬೋಲ್ಶೆವಿಕರಿಂದ ಬೇಸತ್ತ ರಷ್ಯನ್ ವಲಸೆ ರೈತರ ಸೇನೆಯೊಂದಿಗೆ ಕೈಜೋಡಿಸಿದ, 1920ರ ಮಾರ್ಚ್‌ನಲ್ಲಿ ಸೋವಿಯತ್ ಸರ್ಕಾರದೊಂದಿಗೇ ಒಪ್ಪಂದ ಮಾಡಿಕೊಂಡ, ಅದಾಗಿ ಕೆಲವೇ ವಾರಗಳಲ್ಲಿ ಬಂಡಾಯವನ್ನು ಬಿಡಲೊಪ್ಪದ ಇನ್ನೊಬ್ಬ ಕೂರ್ಬಾಶಿಯ ಕಡೆಯವರ ಕೈಯಲ್ಲಿ ಹತನಾದ. ಈ ಮೂರು ಸ್ಥಿತಿಗಳಲ್ಲೂ ಅವನಿಗೆ ಅಂಟಿಸಿದ ಹೆಸರುಗಳನ್ನು ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಆ ಹೆಸರನ್ನು ಬಳಸಿದವರು ಯಾರೆಂದು ನಮೂದಿಸು. ಮುಂದಿನ ವಾರ ಆ ಹಾಳೆಯನ್ನು ಇಲ್ಲಿಯೇ ಹಾಕಿದರೆ ನಾವೆಲ್ಲ ಕುಳಿತು ನೋಡೋಣ.