ಯಕ್ಷಗಾನದ ತುಣುಕಷ್ಟೇ ನೋಡುವ ಮಗನಿಗೆ ಇಡೀ ಪ್ರಸಂಗ ತೋರಿಸುವುದು ಹೇಗೆ?

ಪುತ್ತೂರಿನಿಂದ ಡೊಂಬಿವಲಿಗೆ ಬಂದು ನೆಲೆಸಿದವಳು ನಾನು. ಮಗನಿಗೆ ಹದಿಮೂರು. ಫೋನಿನಲ್ಲಿ ಧೀಂಗಿಣದ, ಅಂದರೆ ಗಿರಕಿ ಹೊಡೆಯುವ ಕುಣಿತದ, ಯೂಟ್ಯೂಬ್ ಶಾರ್ಟ್ಸ್ ಒಂದಾದ ಮೇಲೊಂದು ನೋಡುತ್ತಾನೆ. ಅಭಿಮನ್ಯು ಗಿರಗಿರ ಸುತ್ತುವುದು ಅವನಿಗೆ ಗೊತ್ತು. ಆದರೆ ಅದಕ್ಕೂ ಮೊದಲು ಸುಭದ್ರೆ ಮಗನನ್ನು ಯುದ್ಧಕ್ಕೆ ಬಿಡಲಾರದೆ ಅಳುವುದು ಗೊತ್ತೇ ಇಲ್ಲ. ಆ ಅಳು ಕೇಳದೆ ಕುಣಿತಕ್ಕೆ ಏನರ್ಥ? ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಚೆಂಡೆಪ್ರಿಯ: ಅಕ್ಕಾ, ತುಣುಕನ್ನು ಬೈಯಬೇಡಿ, ಅವನು ಒಳಗೆ ಬಂದದ್ದೇ ಆ ಬಾಗಿಲಿಂದ ಅಲ್ವಾ? 2024ರ ಅಕ್ಟೋಬರ್‌ನಿಂದ ಶಾರ್ಟ್ಸ್ 3 ನಿಮಿಷದವರೆಗೂ ಇರಬಹುದು. ಒಂದು ಪದ್ಯ ಪೂರ್ತಿ ಹಿಡಿಸುತ್ತದೆ. ಅವನಿಗೆ ಇಷ್ಟವಾದ ತುಣುಕಿನ ಪ್ರಸಂಗ, ಭಾಗವತರ (ಪದ್ಯ ಹಾಡುವವರ) ಹೆಸರು ಹಾಕಿ ಹುಡುಕಿ. ಇಡೀ ಆಟದ ರೆಕಾರ್ಡಿಂಗ್ ಸಿಕ್ಕರೆ ತಾಯಿ-ಮಗನ ಸಂಭಾಷಣೆಯಿಂದ ಶುರುಮಾಡಿ. ಒಡ್ಡೋಲಗ, ಅಂದರೆ ಪಾತ್ರಗಳು ರಂಗಕ್ಕೆ ಬರುವ ಭಾಗ, ಆಮೇಲೆ ನೋಡಿದರಾಯಿತು.

ಮಸ್ಕತ್ ಭಟ್ರು: ನಾನು ಕಾರು ಓಡಿಸುತ್ತಾ ತಾಳಮದ್ದಳೆ ಕೇಳುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಹಾಡು ಮತ್ತು ಮಾತು. ಕಿವಿಗೆ ಹೇಳಿ ಮಾಡಿಸಿದ್ದು. ಕೃಷ್ಣ ಸಂಧಾನ ಪ್ರಸಂಗ ಹಾಕಿ ನೋಡಿ, ಕೌರವನ ವಾದ ಕೇಳಿದರೆ ಹುಡುಗರು ಜಗಳಕ್ಕೇ ಇಳಿಯುತ್ತಾರೆ! ಒಂದು ಮಾತು: ಆಟೋಪ್ಲೇ ಆಫ್ ಮಾಡಿ, ನೀವೇ ಪ್ಲೇಲಿಸ್ಟ್ ಮಾಡಿಡಿ. ಮುಂದೇನು ನೋಡಬೇಕು ಅನ್ನೋದನ್ನು ಯಂತ್ರಕ್ಕೆ ಬಿಟ್ಟರೆ ಅದು ಮತ್ತೆ ಧೀಂಗಿಣವನ್ನೇ ತಂದುಕೊಡುತ್ತದೆ.

ಕೇಳಿದವಳು: ಇಬ್ಬರಿಗೂ ಧನ್ಯವಾದ. ಶನಿವಾರ ಟಿವಿಗೆ ಹಾಕಿ ಜೊತೆಗೇ ಕೂರುತ್ತೇನೆ. ತೆಂಕುತಿಟ್ಟಿನ (ನಮ್ಮ ಪುತ್ತೂರು ಕಡೆಯ ಶೈಲಿಯ) ಒಳ್ಳೆಯ ರೆಕಾರ್ಡಿಂಗ್ ಇದ್ದರೆ ಲಿಂಕ್ ಹಾಕಿ. ಮಾತು ಸ್ಪಷ್ಟ ಕೇಳಬೇಕು, ಅದೇ ಮುಖ್ಯ.